ಹಗುರವಾದದ್ದು ಮೊದಲೋ, ಕಾಲು ಜಾರಿದ್ದು ಮೊದಲೋ

ಅಣ್ಣ ಬಿದ್ದದ್ದನ್ನು ನಾನು ನೋಡಿಲ್ಲ. ಆ ಹೊತ್ತಿಗೆ ನಾನು ರಾಣೆಬೆನ್ನೂರಿನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಅವನು ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನೊಳಗೆ ಮೆಣಸಿನಕಾಯಿ ಚೀಲಗಳ ನಡುವೆ ಇದ್ದ. ಆದರೂ ಕಣ್ಣು ಮುಚ್ಚಿದರೆ ಎಲ್ಲ ಕಾಣುತ್ತದೆ: ಮಬ್ಬು ಬಲ್ಬು, ಬಾಯಿಂದ ಹೊರಡುವ ಹಬೆ, ಮೇಲಿನ ಅಟ್ಟದ ಹಲಗೆಯ ಅಂಚಿನಲ್ಲಿ ಅವನ ಎಡಗಾಲು. ಎಡಗಾಲು ಎಂದು ಯಾರು ಹೇಳಿದರು? ಯಾರೂ ಹೇಳಿಲ್ಲ. ಮುರಿದದ್ದು ಎಡತೊಡೆ, ಹಾಗಾಗಿ ಜಾರಿದ್ದೂ ಎಡಗಾಲೇ ಇರಬೇಕೆಂದು ನನ್ನ ಮನಸ್ಸು ತಾನೇ ತೀರ್ಮಾನಿಸಿ ಚಿತ್ರ ಬಿಡಿಸಿಕೊಂಡಿದೆ. ಇಷ್ಟು ಸ್ವಚ್ಛವಾಗಿ ಕಾಣುವ ನೆನಪನ್ನು ನಾನು ನಂಬುವುದಿಲ್ಲ.

ನನಗೆ ಬೇಕಿರುವುದು ಚಿತ್ರವಲ್ಲ, ಯಾವುದು ಮೊದಲು ಯಾವುದು ಆಮೇಲೆ ಎನ್ನುವುದು ಮಾತ್ರ. ಬಿದ್ದಾಗ ಮೈ ಹಗುರವಾಯಿತು ಎಂದು ಅಣ್ಣ ಹೇಳಿದ. ಹಗುರವಾದದ್ದು ಕಾಲು ಜಾರಿದ ಮೇಲೋ, ಜಾರುವ ಮೊದಲೋ? ಜಾರಿದ ಮೇಲೆ ಎಂದಾದರೆ ಅದು ಭೌತಶಾಸ್ತ್ರ. ಜಾರುವ ಮೊದಲು ಎಂದಾದರೆ ಅದು ಹೃದಯ. ಈಗ ಕೇಳೋಣವೆಂದರೆ ಅಣ್ಣ ಇಲ್ಲ. ಇದ್ದಾಗ ಕೇಳಲಿಲ್ಲವೇ ಎಂದರೆ, ಕೇಳಿದೆವು. ಅತಿಯಾಗಿ ಕೇಳಿದೆವು.

ಮೆಣಸಿನಕಾಯಿ ಬರುವ ಕಾಲದಲ್ಲಿ ಬ್ಯಾಡಗಿಯಲ್ಲಿ ಇಡೀ ಊರು ಸೀನುತ್ತದೆ. ರೈಲಿನಿಂದ ಇಳಿಯುವ ಮೊದಲೇ ನನ್ನ ಗಂಟಲು ಕೆರೆಯಲು ಶುರುವಾಗುತ್ತದೆ. ಕೋಲ್ಡ್ ಸ್ಟೋರೇಜಿನ ದಪ್ಪ ಬಾಗಿಲು ದಾಟಿದರೆ ಮಾತ್ರ ಬೇರೆ ಲೋಕ. ಅಲ್ಲಿ ಥಂಡಿಗೆ ಘಾಟೂ ಸುಮ್ಮನಾಗುತ್ತದೆ. ಒಂದರ ಮೇಲೊಂದು ಅಟ್ಟಗಳು, ಅಟ್ಟಗಳ ತುಂಬ ಚೀಲಗಳು. ದರ ಏರುವ ತನಕ ಕಾಯುತ್ತ ಕುಳಿತ ಮೆಣಸಿನಕಾಯಿ. ಅಣ್ಣ ಅಲ್ಲಿನ ಸುಪರ್ವೈಸರ್. ಯಾರ ಮಾಲು ಯಾವ ಅಟ್ಟದಲ್ಲಿದೆ, ಯಾವ ಚೀಲಕ್ಕೆ ಪಸೆ ತಗಲಿದೆ ಎಂದು ನೋಡುವುದು ಅವನ ಕೆಲಸ. ಬೇಸಿಗೆಯಲ್ಲೂ ಸ್ವೆಟರು, ಕಿವಿಗೆ ಮಫ್ಲರು. ಹೊರಗೆ ಬಂದು ಅದನ್ನು ಬಿಚ್ಚುವಾಗ ದಾರಿಹೋಕರು ನಗುತ್ತಿದ್ದರು. ಅವನಿಗೂ ಅದು ಇಷ್ಟವಿತ್ತು. ದಿನಕ್ಕೆ ನಾಕು ಸಲ ಕಾಶ್ಮೀರಕ್ಕೆ ಹೋಗಿ ಬರುವವನು ನಾನೊಬ್ಬನೇ ಎನ್ನುತ್ತಿದ್ದ.

ಬಿದ್ದ ದಿನ ನನಗೆ ಫೋನು ಬಂತು. ಹಾವೇರಿಯ ಆಸ್ಪತ್ರೆ ತಲುಪುವ ಹೊತ್ತಿಗೆ ಅವನಿಗೆ ನೋವಿನ ಇಂಜೆಕ್ಷನ್ ಕೊಟ್ಟಿದ್ದರು. ವೈನಿ, ಅಂದರೆ ಅವನ ಹೆಂಡತಿ, ಮಂಚದ ಪಕ್ಕ ಅವನ ಚಪ್ಪಲಿ ಹಿಡಿದುಕೊಂಡು ನಿಂತಿದ್ದರು. ಅಣ್ಣ ಕಣ್ಣು ತೆರೆದು ನನ್ನನ್ನು ನೋಡಿ ಅಂದ:

“ಹಗುರಾತು ತಂಗಿ. ಹತ್ತಿ ಆದಂಗ.”

“ಬೀಳಾಗೇನು?” ಎಂದೆ ನಾನು.

“ಹೂಂ.”

ಆ “ಹೂಂ” ಎಷ್ಟು ಅವನದು, ಎಷ್ಟು ಇಂಜೆಕ್ಷನ್ನಿನದು, ಎಷ್ಟು ನನ್ನದು? ಆವತ್ತು ಈ ಪ್ರಶ್ನೆ ಹುಟ್ಟಲೇ ಇಲ್ಲ. ಆವತ್ತು ನನಗೆ, ನಾಚಿಕೆಯಿಂದ ಬರೆಯುತ್ತೇನೆ, ಖುಷಿಯಾಯಿತು.

ಆ ದಿನಗಳಲ್ಲಿ ನಾನು ಪಿಯು ಹುಡುಗರಿಗಾಗಿ ಒಂದು ಚಿಕ್ಕ ಪುಸ್ತಕ ಬರೆಯುತ್ತಿದ್ದೆ. ಭೂಮಿ ವಸ್ತುಗಳನ್ನು ತನ್ನತ್ತ ಎಳೆಯುತ್ತದೆ ಎಂದು ನಾವು ಶಾಲೆಯಲ್ಲಿ ಕಲಿಯುತ್ತೇವೆ, ಕಲಿಸುತ್ತೇವೆ. ಆದರೆ ನೂರು ವರ್ಷಕ್ಕೂ ಹಿಂದೆಯೇ ಆ ಕಲ್ಪನೆ ಬದಲಾಗಿದೆ. ಯಾರೂ ಯಾರನ್ನೂ ಎಳೆಯುವುದಿಲ್ಲ. ಭಾರವಾದ ವಸ್ತುವಿನ ಸುತ್ತ ದೇಶ, ಅಂದರೆ ಜಾಗ, ಮತ್ತು ಕಾಲ ಎರಡೂ ಬಾಗುತ್ತವೆ. ಆ ಬಾಗಿನಲ್ಲಿ ಎಲ್ಲವೂ ತನಗೆ ಸಾಧ್ಯವಾದಷ್ಟು ನೆಟ್ಟಗೆ ಹೋಗುತ್ತದೆ, ಅಷ್ಟೆ. ನಾವು ಅದನ್ನು ಬೀಳುವುದು ಎನ್ನುತ್ತೇವೆ. ಬೀಳುವವನ ಮೇಲೆ ಯಾವ ಒತ್ತಡವೂ ಇಲ್ಲ, ಅವನಿಗೆ ತೂಕವೇ ತಿಳಿಯುವುದಿಲ್ಲ. ತೂಕ ಎಂದು ನಮಗೆ ಅನಿಸುವುದು ನೆಲದ ಕೆಲಸ. ನೆಟ್ಟಗೆ ಹೋಗಬೇಕಾದ ನಮ್ಮನ್ನು ಅದು ಕೆಳಗಿನಿಂದ ತಡೆದು ನಿಲ್ಲಿಸಿದೆ.

ಇದನ್ನು ಕನ್ನಡದಲ್ಲಿ, ಹದಿನೇಳು ವರ್ಷದವರಿಗೆ ನಾಟುವಂತೆ ಹೇಳಲು ನನಗೆ ಬಿದ್ದ ಮನುಷ್ಯನೊಬ್ಬ ಬೇಕಿತ್ತು. ಸಿಕ್ಕ. ಸ್ವಂತ ಅಣ್ಣ.

ಬ್ಯಾಡಗಿಯಲ್ಲಿ ಅವರ ಮನೆ ಮಾಳಿಗೆಯ ಮೇಲಿತ್ತು. ತೊಡೆಗೆ ರಾಡು ಹಾಕಿದವನು ಮೆಟ್ಟಿಲು ಏರುವಂತಿರಲಿಲ್ಲ. ಆದ್ದರಿಂದ ಹಾವೇರಿಯ ನಮ್ಮ ಮನೆಗೇ ಕರೆತಂದೆವು. ಪಡಸಾಲೆಯಲ್ಲಿ ಮಂಚ ಹಾಕಿದೆವು. ವೈನಿಯೂ ಬಂದರು. ಸಂಜೆ ನಾನು ರಾಣೆಬೆನ್ನೂರಿನ ಕಾಲೇಜಿನಿಂದ ಬಂದ ಕೂಡಲೇ ಅಣ್ಣ ಶುರು ಮಾಡುತ್ತಿದ್ದ:

“ಬರ್ರಿ ಅಕ್ಕೋರ. ಇವತ್ತ ಏನ್ ಬಾಗಿಸಿ ಬಂದ್ರಿ?”

ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರನ್ನು ಅಕ್ಕೋರ ಎನ್ನುತ್ತಾರೆ. ತಂಗಿಯನ್ನು ಹಾಗೆ ಕರೆಯುವುದರಲ್ಲಿ ಅವನಿಗೆ ವಿಶೇಷ ಸುಖ.

ಪುಸ್ತಕಗಳಲ್ಲೆಲ್ಲ ಇರುವ ಉದಾಹರಣೆಯನ್ನೇ ಮೊದಲು ತೋರಿಸಿದೆ. ವೈನಿಯ ಹಳೆಯ ಸೀರೆಯ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಬಿಗಿಯಾಗಿ ಹಿಡಿದು ನಡುವೆ ಒಂದು ಮೋಸಂಬಿ ಇಟ್ಟೆವು, ಸೀರೆ ತಗ್ಗಿತು. ಅಂಚಿನಿಂದ ಲಿಂಬೆಹಣ್ಣು ಬಿಟ್ಟೆ, ಅದು ಉರುಳಿ ಮೋಸಂಬಿಗೆ ಹೋಗಿ ತಾಗಿತು.

“ನೋಡು, ಮೋಸಂಬಿ ಎಳೀಲಿಲ್ಲ. ಸೀರಿ ಬಾಗೇತಿ, ಅದಕ್ಕ ಲಿಂಬಿಹಣ್ಣು ಆ ಕಡೆ ಹೋತು.”

ಅಣ್ಣ ಮಂಚದ ಮೇಲಿಂದ ಸ್ವಲ್ಪ ಹೊತ್ತು ನೋಡಿದ. “ಮೋಸಂಬಿ ಸೀರಿನ ಯಾಕ ತಗ್ಗಿಸ್ತು?”

“ಭಾರ ಐತಲ್ಲ.”

“ಭಾರ ಅಂದ್ರ ಏನಂತ ಹೇಳಾಕ ಹೊಂಟಾಕಿ, ಭಾರಾನ ನಡುವ ಇಟ್ಟು ಹೇಳಾಕತ್ತಿ. ಮೋಸ ಅಲ್ಲೇನ ಇದು?”

ವೈನಿ ಸೀರೆ ಕೊಡವಿ ಮಡಚಿದರು. “ನಿಮ್ಮಿಬ್ಬರ ಸಲವಾಗಿ ನನ್ನ ಸೀರಿ ಹರೀತದ.”

ಆಗ ಮೋಸಂಬಿಯನ್ನೇ ಕೈಗೆತ್ತಿಕೊಂಡೆ. ಬಾಲ್‌ಪೆನ್ನಿನಿಂದ ಅದರ ಹೊಟ್ಟೆಯ ಮೇಲೆ ಎರಡು ಚುಕ್ಕೆ ಇಟ್ಟೆ, ಅಕ್ಕಪಕ್ಕ. ಎರಡರಿಂದಲೂ ತೊಟ್ಟಿನ ಕಡೆಗೆ ನೆಟ್ಟಗೆ ಗೆರೆ ಎಳೆದೆ. ಹೊರಟಾಗ ಅವು ಸಮಾನಾಂತರ. ಯಾವ ಗೆರೆಯೂ ಎಡಕ್ಕೆ ಬಲಕ್ಕೆ ಹೊರಳಲಿಲ್ಲ. ಆದರೂ ತೊಟ್ಟಿನ ಬಳಿ ಒಂದನ್ನೊಂದು ಮುಟ್ಟಿದವು.

“ಯಾರರ ಎಳದ್ರೇನು ಇವನ್ನ?”

“ಇಲ್ಲ.” ಅಣ್ಣ ಹಣ್ಣನ್ನು ತಿರುಗಿಸಿ ನೋಡಿದ. “ಹಣ್ಣ ಗುಂಡಗೈತಿ, ಅದಕ್ಕ ಕೂಡಿದ್ವು.” ಅರ್ಥವಾದ ಖುಷಿಯಲ್ಲಿ ಸಿಪ್ಪೆ ಸುಲಿದು ತಿಂದೇಬಿಟ್ಟ.

ಕಾಲವೂ ಬಾಗುತ್ತದೆ ಎಂದದ್ದು ಅವನಿಗೆ ಇನ್ನೂ ರುಚಿಸಿತು. ಭೂಮಿಗೆ ಹತ್ತಿರವಿದ್ದಷ್ಟೂ ಗಡಿಯಾರ ನಿಧಾನ, ಮೇಲೆ ಹೋದಷ್ಟೂ ಚುರುಕು. ವ್ಯತ್ಯಾಸ ನಮ್ಮ ಕೈಗಡಿಯಾರಕ್ಕೆ ಸಿಗದಷ್ಟು ಸಣ್ಣದು. ಆದರೂ ನಮ್ಮ ಸುತ್ತಮುತ್ತ ವಸ್ತುಗಳು ಬೀಳುವುದು ಬಹುಪಾಲು ಈ ಕಾಲದ ಬಾಗಿನಿಂದಲೇ ಎಂದೆ.

“ಅಂದ್ರ ಮ್ಯಾಲಿನ ಅಟ್ಟದ ಮೆಣಸಿನಕಾಯಿ ಲಗೂನ ಹಳೇವಾಗ್ತಾವೇನ?”

“ಆಗ್ತಾವ.”

“ಖರೇ?”

“ಖರೇ. ಆದ್ರ ಯಾರಿಗೂ ಗೊತ್ತಾಗಂಗಿಲ್ಲ.”

“ಮಾಲಕರಿಗೆ ಹೇಳಬ್ಯಾಡ ಮತ್ತ. ಮ್ಯಾಲಿನ ಚೀಲ ಎಲ್ಲಾ ಕೆಳಗ ಇಳಸಂತಾರ.”

ಹೀಗೆಲ್ಲ ಮಾತಾಡಿದ್ದು ನಿಜ. ಒಂದೇ ಸಂಜೆಯಲ್ಲೋ, ಹತ್ತು ಸಂಜೆಗಳಲ್ಲೋ ಎಂದು ಕೇಳಿದರೆ ಹೇಳಲಾರೆ. ಬರೆಯುವಾಗ ಅವು ತಾವಾಗಿಯೇ ಅಕ್ಕಪಕ್ಕ ಬಂದು ಕೂರುತ್ತವೆ. ನಡುವೆ ಇದ್ದ ಅವನ ಕೂಗು, ಮಲಮೂತ್ರದ ಬಟ್ಟಲು, ವೈನಿಯ ಸಿಡುಕು, ನಾನು ತಲೆನೋವೆಂದು ಬಾಗಿಲು ಹಾಕಿಕೊಂಡ ಸಂಜೆಗಳು, ಇವೆಲ್ಲ ಕರೆಯದೆ ಬರುವುದಿಲ್ಲ.

ಇನ್ನು ಮಾತಾಡಿಸಲು ಬಂದವರು. ನಮ್ಮ ಸೀಮೆಯಲ್ಲಿ ಒಬ್ಬರು ಬಿದ್ದರೆ, ಹಾಸಿಗೆ ಹಿಡಿದರೆ, ಬಳಗದವರೆಲ್ಲ ಬಂದು ಮಾತಾಡಿಸಿ ಹೋಗಬೇಕು. ಬಾರದಿದ್ದವರ ಹೆಸರು ವರ್ಷಗಟ್ಟಲೆ ಉಳಿಯುತ್ತದೆ. ಬಂದವರು ಬರಿಗೈಯಲ್ಲಿ ಬರುವಂತಿಲ್ಲ: ಬ್ರೆಡ್ಡು, ಬಿಸ್ಕೀಟು, ಎಳನೀರು, ಮೋಸಂಬಿ. ಮತ್ತು ಬಂದ ಪ್ರತಿಯೊಬ್ಬರಿಗೂ ಬಿದ್ದವನು ತನ್ನ ಬಾಯಿಂದಲೇ ಮೊದಲಿನಿಂದ ಹೇಳಬೇಕು. ಬೇರೆಯವರು ಹೇಳಿದರೆ ನಡೆಯದು, ಮೊಟಕು ಮಾಡಿದರೂ ನಡೆಯದು. ಮೊದಲು ಬಂದವರ ಎದುರು ಅರ್ಧ ಮುಗಿದಿದ್ದರೆ, ಆಮೇಲೆ ಬಂದವರಿಗಾಗಿ ಮತ್ತೆ ಶುರು.

ಅಗಡಿಯಿಂದ ದೊಡ್ಡವ್ವ ಬಂದಳು. ಬಸ್ಸಿನಿಂದ ಇಳಿದು ಬಿಸಿಲಲ್ಲಿ ನಡೆದು ಬಂದವಳು ನೀರು ಕುಡಿಯುವ ಮೊದಲೇ ಮಂಚದ ಅಂಚಿಗೆ ಕೂತಳು.

“ಹೆಂಗ ಬಿದ್ದೆಪಾ? ಮೊದಲಿಂದ ಹೇಳು.”

“ಮುಂಜಾನಿ ಮ್ಯಾಲಿನ ಅಟ್ಟ ಏರಿದ್ದೆ ದೊಡ್ಡವ್ವ. ಒಂದ ಚೀಲ ಪಸಿ ಹಿಡದಂಗ ಕಾಣ್ತು. ಬಗ್ಗಿ ಮುಟ್ಟಿ ನೋಡಿದೆ. ಹಿಂದ ಸರಿಯಾಗ ಕಾಲ ಜಾರ್ತು...”

“ಶಿವ ಶಿವಾ.”

“ಜಾರಿದ ಕೂಡ್ಲೆ ಏನೂ ಅನಸಲಿಲ್ಲ. ಮೈ ಹತ್ತಿ ಆದಂಗಾತು.”

“ಯಾಕ ಅಂತ ಹೇಳು,” ಎಂದು ನಾನು ಅಡುಗೆಮನೆಯಿಂದ ಕೂಗಿದೆ.

“ಬೀಳೋರಿಗೆ ತೂಕ ಇರಂಗಿಲ್ಲ ದೊಡ್ಡವ್ವ. ತೂಕ ಕೊಡೂದು ನೆಲ. ನೆಲ ತಾಗೂತನಕ ನಾವು ಬೀಳಾಕತ್ತಿರಂಗನ ಇಲ್ಲ, ನೆಟ್ಟಗ ಹೊಂಟಿರ್ತೀವಿ.”

“ನೆಟ್ಟಗ ಹೋಗಿ ಇಲ್ಲಿ ಮಲಗೀದಿ. ನಿನ್ನ ತಂಗಿ ನಿನಗ ಹುಚ್ಚ ಹಿಡಸ್ಯಾಳ,” ಎಂದಳು ದೊಡ್ಡವ್ವ.

ವೈನಿ ಚಹಾ ತಂದಿಟ್ಟು ಅಂದರು: “ಅವತ್ತ ಮುಂಜಾನಿ ರೊಟ್ಟಿ ತಿನ್ನಾಗನ ಗ್ವಾಡಿ ಹಿಡ್ಕೊಂಡ್ರು. ಅರ್ಧಾ ರೊಟ್ಟಿ ತಾಟಿನ್ಯಾಗ ಬಿಟ್ಟ ಎದ್ರು.”

“ಪಿತ್ತಬೇ ಅದು. ಕೊತ್ತಂಬರಿ ಬೀಜದ ನೀರ ಕುಡಸು.” ದೊಡ್ಡವ್ವ ಅಣ್ಣನ ಕಡೆ ತಿರುಗಿದಳು. “ಹಾಂ, ಬಿದ್ದಿ. ಮುಂದ?”

ತಲೆ ತಿರುಗಿದರೆ ಪಿತ್ತ, ಬಾಯಿ ಕಹಿಯಾದರೆ ಪಿತ್ತ, ಕಣ್ಣು ಮಂಜಾದರೆ ಪಿತ್ತ. ಪಿತ್ತ ಎಂದು ಹೆಸರಿಟ್ಟ ಮೇಲೆ ಅದು ರೋಗವಲ್ಲ. ಎಲ್ಲರ ಮನೆಯಲ್ಲೂ ಇರುವ ಬೆಕ್ಕಿನಂತೆ, ಯಾರೂ ತಿರುಗಿ ನೋಡುವುದಿಲ್ಲ. ಭೌತಶಾಸ್ತ್ರ ಕಲಿಸುವ ನಾನೂ ನೋಡಲಿಲ್ಲ.

ಕುಮಾರಪಟ್ಟಣದ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ನಮ್ಮ ಸೋದರಮಾವನ ಮಗ ಪಾಳಿ ಮುಗಿಸಿ ಬೈಕಿನಲ್ಲೇ ಬಂದ. “ಏನೋ, ನೀ ಮೆಣಸಿನಕಾಯಿ ಇಳಸ್ತಿಯೋ, ಮೆಣಸಿನಕಾಯಿ ನಿನ್ನ ಇಳಸ್ತಾವೋ?” ಎಂದು ನಗಿಸಿ, ಆಮೇಲೆ ಅವನೂ ಅದನ್ನೇ ಅಂದ: “ಮೊದಲಿಂದ ಹೇಳು.”

ಮೊದಲಿನಿಂದ ಎಂದರೆ ಎಲ್ಲಿಂದ? ಎಲ್ಲರ ಪಾಲಿಗೂ ಮೊದಲು ಎಂದರೆ ಅಟ್ಟ ಏರಿದ್ದು. ಅಲ್ಲಿಂದ ಬಗ್ಗಿದ್ದು, ಜಾರಿದ್ದು, ಹಗುರವಾದದ್ದು, ಬಿದ್ದದ್ದು. ಹೇಳಿ ಹೇಳಿ ಆ ಮೆಟ್ಟಿಲುಗಳು ಸವೆದು ನುಣುಪಾದವು. ಅರ್ಧ ತಿಂದ ರೊಟ್ಟಿಗೆ ಆ ಕಥೆಯಲ್ಲಿ ಜಾಗವಿರಲಿಲ್ಲ. ವೈನಿ ಒಂದೆರಡು ಸಲ ಅದನ್ನು ಒಳಗೆ ತರಲು ನೋಡಿದರು. ಅಣ್ಣನೇ “ಅದನ್ಯಾಕ ಹೇಳ್ತಿ ಈಗ” ಎಂದು ಸರಿಸಿದ. ಅವನಿಗೂ ಕಥೆ ಓಡುವುದು ಬೇಕಿತ್ತು. ಮುರಿದ ಕಾಲಿನವನಿಗೆ ಸಿಕ್ಕ ಒಂದೇ ಓಟ ಅದು. ಕೇಳುವವರು “ಹತ್ತಿ ಆದಂಗ” ಎಂಬಲ್ಲಿಗೆ ಬಂದಾಗ ಉಸಿರು ಹಿಡಿಯುವುದನ್ನು ಅವನು ಕಣ್ಣಂಚಿನಲ್ಲಿ ನೋಡುತ್ತಿದ್ದ.

ನಾನು ಅಧ್ಯಾಯ ಮುಗಿಸಿದೆ. “ನಮ್ಮೂರ ಕಡೆಯ ಒಬ್ಬರು ಎತ್ತರದಿಂದ ಬಿದ್ದರು” ಎಂದು ಶುರುವಾಗುವ ಪುಟವನ್ನು ಅವನಿಗೆ ಓದಿ ಹೇಳಿದೆ. ಅದರಲ್ಲಿ ಕಾಲು ಜಾರುವ ವಾಕ್ಯ ಒಂದು, ಪೂರ್ಣವಿರಾಮ, ಆಮೇಲೆ ಹಗುರವಾಗುವ ವಾಕ್ಯ. ಆ ಪೂರ್ಣವಿರಾಮ ಇಟ್ಟದ್ದು ನಾನು. ಅಣ್ಣ ಕೇಳಿ “ಹಿಂಗನ ಆತು ನೋಡು, ಬರೋಬ್ಬರಿ” ಎಂದ. ಆವತ್ತಿನಿಂದ ಅವನ ಮಾತಿನಲ್ಲೂ ಆ ಜಾಗದಲ್ಲಿ ಒಂದು ಸಣ್ಣ ತಡೆ ಬರತೊಡಗಿತು.

ಇದನ್ನು ತಪ್ಪೊಪ್ಪಿಗೆಯಾಗಿ ಬರೆಯುವುದು ಸುಲಭ. ಎಲ್ಲ ನನ್ನಿಂದಲೇ ಆಯಿತು ಎಂದರೆ ಅದಕ್ಕೂ ಒಂದು ಅಚ್ಚುಕಟ್ಟಾದ ಆಕಾರ ಬರುತ್ತದೆ, ಓದಿದವರು ಮರುಗುತ್ತಾರೆ. ನಡೆದದ್ದು ಅಷ್ಟು ಸರಳವಲ್ಲ. ನಾವೆಲ್ಲ ಅವನ ಮಂಚದ ಸುತ್ತ ಪ್ರೀತಿಯಿಂದ ಕುಳಿತು ಒಂದು ಕಥೆಯನ್ನು ತಿಕ್ಕಿದೆವು, ಅವನೂ ನಮ್ಮ ಜೊತೆ ತಿಕ್ಕಿದ.

ಕಾಲು ಕೂಡಿಕೊಂಡಿತು. ವಾಕರ್ ಬಿಟ್ಟು ಕೋಲು ಹಿಡಿದ, ಕೋಲು ಬಿಟ್ಟು ಗೋಡೆ ಹಿಡಿದ. ಮತ್ತೆ ಕೆಲಸಕ್ಕೆ ಹೋಗಬೇಕು, ಅಟ್ಟ ಏರಬೇಕು. ಅದಕ್ಕೆ ಮೊದಲು ಡಾಕ್ಟರನ್ನು ಕಾಣಲು ಮೂವರೂ ಹೋದೆವು. ಡಾಕ್ಟರು ಎಕ್ಸ್‌ರೇ ನೋಡಿ, ನಡೆಸಿ ನೋಡಿ, ಕೊನೆಗೆ ಕೇಳಿದರು:

“ಬೀಳೂಕಿಂತ ಮೊದಲ ತಲಿ ತಿರಗಿತ್ತೇನ್ರಿ? ಕಣ್ಣಿಗೆ ಕತ್ತಲಿ ಬಂದಂಗ, ಮೈ ಹಗುರಾದಂಗ?”

ಆ ಪ್ರಶ್ನೆ ಅಷ್ಟು ನೇರವಾಗಿತ್ತು. ಅದೇ ಶಬ್ದ. ಈಗ ನೆನೆದರೆ ಆ ಕೋಣೆಯ ಫ್ಯಾನೂ ನಿಂತುಬಿಡುತ್ತದೆ. ಆವತ್ತು ನಿಂತಿರಲಿಲ್ಲ.

“ಇಲ್ರೀ ಡಾಕ್ಟ್ರ. ಮೊದಲ ಕಾಲ ಜಾರ್ತು,” ಎಂದ ಅಣ್ಣ. ತಡೆದ. “ಜಾರಿದ ಮ್ಯಾಲೆ ಹಗುರಾತು. ಅದಕ್ಕ ಸೈನ್ಸಿನಾಗ ಕಾರಣ ಐತ್ರಿ. ನಮ್ಮ ತಂಗಿ ಪುಸ್ತಕದಾಗ ಬರದಾಳ.”

“ಹೌದ್ರೀ ಮೇಡಮ್?” ಡಾಕ್ಟರು ನನ್ನತ್ತ ತಿರುಗಿ ನಕ್ಕರು.

ನಾನು ಹೇಳಿದೆ. ಮುಚ್ಚಿದ ಲಿಫ್ಟಿನಲ್ಲಿ ನಿಂತವನಿಗೆ ಲಿಫ್ಟು ಬೀಳುತ್ತಿದೆಯೋ ಅಥವಾ ತಾನು ಭೂಮಿಯಿಂದ ದೂರ ಖಾಲಿ ಆಕಾಶದಲ್ಲಿ ತೇಲುತ್ತಿದ್ದಾನೋ, ಒಳಗಿನಿಂದ ಗೊತ್ತಾಗುವುದಿಲ್ಲ. ಎರಡೂ ಕಡೆ ಅನುಭವ ಒಂದೇ. ಡಾಕ್ಟರಿಗೆ ಇಷ್ಟವಾಯಿತು. ತಾವೂ ಪಿಯುನಲ್ಲಿ ಫಿಸಿಕ್ಸ್ ಓದಿದ್ದನ್ನು ನೆನೆದರು.

“ಅವತ್ತ ಮುಂಜಾನಿ...” ಎಂದರು ವೈನಿ.

“ಅದು ಪಿತ್ತ. ಬಿಡು,” ಎಂದ ಅಣ್ಣ.

ಡಾಕ್ಟರು ಯಾವುದಕ್ಕೂ ಇರಲಿ ಎಂದು ಇಸಿಜಿ ತೆಗೆಸಿದರು. ಗೆರೆ ಸರಿಯಾಗಿಯೇ ಇತ್ತು. “ಮತ್ತೇನರ ಹಂಗ ಅನಿಸಿದ್ರ ಅವತ್ತ ಬರ್ರಿ. ಇಡೀ ದಿನ ಎದಿಗೆ ಕಟ್ಟೂ ಮಷೀನ್ ಇರ್ತದ, ಅದನ್ನ ಹಾಕಿ ನೋಡೂಣು” ಎಂದರು. ಅವರು ಮಾಡಬೇಕಾದ್ದನ್ನು ಮಾಡಿದರು. ಕೇಳಬೇಕಾದ್ದನ್ನೇ ಕೇಳಿದರು. ಉತ್ತರ ಮಾತ್ರ ನಮ್ಮ ಪಡಸಾಲೆಯಲ್ಲಿ ಮೊದಲೇ ತಯಾರಾಗಿತ್ತು.

ಅಣ್ಣ ಬ್ಯಾಡಗಿಗೆ ಹೋದ. ಕೆಲಸಕ್ಕೂ ಹೋದ. ಅಲ್ಲಿ ಇನ್ನೊಂದು ಸುತ್ತು ಕಥೆ ನಡೆಯಿತು: ಹಮಾಲರಿಗೆ, ವ್ಯಾಪಾರಿಗಳಿಗೆ, ಮಾರ್ಕೆಟ್ ಯಾರ್ಡಿನ ಚಹಾದ ಅಂಗಡಿಯವರಿಗೆ. ಬ್ಯಾಡಗಿಯಲ್ಲಿ ಅವನಿಗೆ “ಹತ್ತಿ ಅಣ್ಣ” ಎಂದು ಹೆಸರೇ ಬಿತ್ತು.

ಮಳೆ ಬಿಟ್ಟ ಒಂದು ಭಾನುವಾರ ಹಾವೇರಿಗೆ, ನಮ್ಮ ಮನೆಗೆ ಬರಲು ಹೊರಟವನು ಬ್ಯಾಡಗಿ ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತಿದ್ದ. ರೈಲು ಬಂತು, ಜನ ಹತ್ತಿದರು, ರೈಲು ಹೋಯಿತು. ಅವನು ಕುಳಿತೇ ಇದ್ದ. ನಿದ್ದೆ ಹತ್ತಿರಬೇಕು ಎಂದು ನೋಡಿದವರು ಅಂದುಕೊಂಡರಂತೆ. ಹೃದಯ ನಿಂತಿದೆ ಎಂದರು ಆಸ್ಪತ್ರೆಯಲ್ಲಿ. ಬೆಂಚಿನಿಂದ ಕೆಳಗೂ ಬಿದ್ದಿರಲಿಲ್ಲ.

ಪ್ಲಾಟ್‌ಫಾರ್ಮಿನಲ್ಲಿ ಚಹಾ ಮಾರುವವನು ಮಣ್ಣು ಕೊಡಲು ಬಂದಿದ್ದ. ಅಳುತ್ತಿದ್ದ.

“ಚಾ ಕೊಟ್ನಿರಿ ಅಕ್ಕಾರ. ‘ಹಗುರಾಗಾಕತ್ತೈತಿ ನೋಡಪಾ’ ಅಂದ್ರು. ನಾ ನಕ್ಕೆ. ‘ಬೀಳಲಾರದನ ಹಗುರಾತೇನ್ರಿ ಅಣ್ಣಾರ?’ ಅಂದೆ. ಅವ್ರೂ ನಕ್ರು. ಕಪ್ಪ ಬಾಜೂಕ ಇಟ್ಟು ಕಣ್ಣ ಮುಚ್ಚಿದ್ರು.”

ಇದು ನನಗೆ ಬೇಕಿದ್ದ ಪುರಾವೆ ಎಂದು ಬರೆದು ಮುಗಿಸಬಹುದಿತ್ತು. ಈ ಸಲ ಬೀಳುವುದೇ ಇರಲಿಲ್ಲ, ಹಗುರವಾಗುವುದು ಮಾತ್ರ ಇತ್ತು. ಆದ್ದರಿಂದ ಆ ಸಲವೂ ಅದೇ ಮೊದಲು. ಆದರೆ ಆ ಚಹಾದವನೂ ಅಣ್ಣನ ಕಥೆಯನ್ನು ಹತ್ತಾರು ಸಲ ಕೇಳಿದವನೇ. ಅಣ್ಣ ಆವತ್ತು ನಿಜವಾಗಿ ಏನು ಹೇಳಿದ? ಸುಸ್ತಾಗಿದೆ ಎಂದನೋ, ಸೆಕೆ ಎಂದನೋ, ಏನೂ ಹೇಳಲಿಲ್ಲವೋ? ಸತ್ತವನ ಕೊನೆಯ ಮಾತಿನ ಜಾಗ ಖಾಲಿ ಇದ್ದರೆ, ಊರಿಗೆಲ್ಲ ಗೊತ್ತಿರುವ ಅವನ ಮಾತೇ ಅಲ್ಲಿ ಹೋಗಿ ಕೂರುತ್ತದೆ. ಚಹಾದವನು ಸುಳ್ಳು ಹೇಳಿದ ಎನ್ನುತ್ತಿಲ್ಲ. ನಾನು ಎಡಗಾಲನ್ನು ಕಂಡಂತೆ ಅವನು ಆ ಮಾತನ್ನು ಕೇಳಿರಬಹುದು.

ಪುಸ್ತಕ ಅಚ್ಚಿಗೆ ಹೋಗುವ ಮೊದಲು ಆ ಪುಟ ತೆಗೆದೆ. ಅದರ ಜಾಗಕ್ಕೆ ಇನ್ನೊಂದು ಸಂಗತಿ ಬರೆಯಬೇಕಿತ್ತು. ಮೊದಲ ಕರಡಿನಲ್ಲಿ ಅದನ್ನು ಕಷ್ಟವೆಂದು ಬಿಟ್ಟಿದ್ದೆ. ಬೀಳುವ ಲಿಫ್ಟಿನೊಳಗೆ ಒಬ್ಬನೇ ಇದ್ದರೆ ಬೀಳುತ್ತಿದ್ದೇನೆಂದು ತಿಳಿಯದು ಎನ್ನುವುದು ಅರ್ಧ ಮಾತು. ಎರಡು ಗುಂಡುಗಳನ್ನು ಒಂದೇ ಎತ್ತರದಿಂದ ದೂರ ದೂರ ಬಿಟ್ಟರೆ, ಎರಡೂ ಭೂಮಿಯ ನಡುಬಿಂದುವಿನತ್ತ ಹೊರಟಿರುವುದರಿಂದ, ಬೀಳುತ್ತ ಬೀಳುತ್ತ ತುಸು ಹತ್ತಿರವಾಗುತ್ತವೆ. ಒಂದೇ ಗುಂಡನ್ನು ನೋಡಿದರೆ ಬಾಗು ಎಂದಿಗೂ ಕಾಣದು. ಎರಡರ ನಡುವಿನ ಅಂತರ ಬದಲಾಗುವುದರಲ್ಲಿ ಮಾತ್ರ ಅದು ಕಾಣುತ್ತದೆ. ಗುರುತ್ವ ಎಂದರೆ ನಿಜವಾಗಿ ಅದೇ. ಇದನ್ನು ಬರೆದ ಮಧ್ಯಾಹ್ನ ಪೆನ್ನು ಮುಚ್ಚಿಟ್ಟು ಬ್ಯಾಡಗಿಗೆ ಹೋದೆ. ಅಣ್ಣನ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೆ. ಅದರ ಪಕ್ಕದಲ್ಲೇ ಹೊರಟಿದ್ದ ಇನ್ನೊಂದು ಮಾತನ್ನು ಕೊನೆಯ ತನಕ ಒಮ್ಮೆಯೂ ಕೇಳಿರಲಿಲ್ಲ.

ವೈನಿ ಮಾಳಿಗೆಯ ಮೇಲೆ ತಾಡಪತ್ರಿ ಹಾಸಿ ಮೆಣಸಿನಕಾಯಿ ತೊಟ್ಟು ತೆಗೆಯುತ್ತಿದ್ದರು. ವರ್ಷದ ಖಾರಪುಡಿಗೆ. ನಾನು ಸೀನುತ್ತ ಎದುರು ಕುಳಿತು ಕೈ ಹಚ್ಚಿದೆ.

“ಬಿಡಬೇ, ನಿನಗ ಕೈ ಉರೀತಾವ.”

“ಉರೀಲಿ ಬಿಡ್ರಿ. ವೈನಿ, ಅವತ್ತ ಮುಂಜಾನಿ ಏನಾತು?”

ಅವರು ಕೈಯಲ್ಲಿದ್ದ ಒಂದು ಹಿಡಿ ಮೆಣಸಿನಕಾಯಿ ಮುಗಿಸಿದರು.

“ರೊಟ್ಟಿ ತಿನ್ನಾಕತ್ತಿದ್ರು. ಒಮ್ಮಿಂದೊಮ್ಮೆಲೆ ಗ್ವಾಡಿ ಹಿಡದ್ರು. ಮಾರಿ ಬೆಳ್ಳಗಾತು. ಏನಾತ್ರಿ ಅಂದೆ. ‘ಮೈ ಎಲ್ಲಾ ಹಗುರಾದಂಗಾತು’ ಅಂದ್ರು. ಕುಂದರ್ರಿ, ಇವತ್ತ ಹೋಗಬ್ಯಾಡ್ರಿ ಅಂದೆ. ಲೋಡ್ ಬರೂದೈತಿ ಅಂತ ಹ್ವಾದ್ರು.”

“ದವಾಖಾನಿ ಒಳಗ?”

“ನೀ ಬರೂಕಿಂತ ಮೊದಲ ನನಗಂದ್ರು. ‘ಮುಂಜಾನಿ ಆದಂಗ ಮತ್ತ ಆತು’ ಅಂತ. ಅಷ್ಟ. ಆಮ್ಯಾಲೆ ನೀ ಬಂದಿ.”

ಇದನ್ನೂ ನಾನು ಸಂಶಯಿಸಬಹುದು. ವರ್ಷ ಕಳೆದ ಮೇಲೆ, ದುಃಖದಲ್ಲಿ ಹೇಳಿದ ಮಾತು. ಆದರೆ ವೈನಿಯ ಮಾತನ್ನು ಯಾರೂ ಕೇಳಿರಲಿಲ್ಲ, ಆದ್ದರಿಂದ ಯಾರೂ ತಿಕ್ಕಿಯೂ ಇರಲಿಲ್ಲ. ಅದು ಇದ್ದ ಹಾಗೇ ಒರಟಾಗಿ ಉಳಿದಿತ್ತು. ಅದಕ್ಕೆ ಹತ್ತಿಯ ಹೋಲಿಕೆ ಇರಲಿಲ್ಲ, ಮೆಟ್ಟಿಲು ಇರಲಿಲ್ಲ.

“ನಾ ಎರಡ ಸಲ ಹೇಳಾಕ ನೋಡಿದೆ ತಂಗಿ. ನೀವಿಬ್ಬರೂ ಓದಿದಾರು, ನಿಮಗ ಗೊತ್ತಿರ್ತದ ಅಂತ ಸುಮ್ಮಾದೆ. ಅವ್ರೂ ಅಷ್ಟ ಖುಷೀಲೆ ಹೇಳತಿದ್ರು.”

ಕೆಳಗೆ ರಸ್ತೆಯಲ್ಲಿ ಚೀಲ ತುಂಬಿದ ಲಾರಿ ಹಿಂದಕ್ಕೆ ಬರುತ್ತಿತ್ತು. ಬಿಡು, ಬಿಡು, ಬರ್ಲಿ ಎಂದು ಯಾರೋ ಕೂಗುತ್ತಿದ್ದರು. ವೈನಿ ಕೈ ನಿಲ್ಲಿಸಿದರು.

“ಡಾಕ್ಟ್ರಿಗೆ ಅದನ್ನ ಹೇಳಿದ್ರ ಉಳೀತಿದ್ರೇನ ಅವ್ರು?”

ನನ್ನ ಬಳಿ ಉತ್ತರಗಳಿದ್ದವು. ಒಂದು ದಿನ ಎದೆಗೆ ಮಷೀನು ಕಟ್ಟಿದರೂ ಆ ದಿನವೇ ಅದು ಕಾಣಿಸಿಕೊಳ್ಳಬೇಕೆಂದಿಲ್ಲ. ಅವನ ಹೃದಯಕ್ಕೆ ಆದದ್ದು ಅದೇ ಎಂದು ಈಗ ಯಾರೂ ಹೇಳಲಾರರು. ಖಚಿತವಾಗಿ ಗೊತ್ತಿಲ್ಲ ಎನ್ನುವುದೇ ಪ್ರಾಮಾಣಿಕವಾದದ್ದು. ಇವೆಲ್ಲ ನಿಜ. ಇವೆಲ್ಲ ಹೇಳಿದ್ದರೆ ಅವರು ತಲೆಯಾಡಿಸಿ ಮತ್ತೆ ತೊಟ್ಟು ಮುರಿಯುತ್ತಿದ್ದರು.

“ಉಳೀಬಹುದಿತ್ತು ವೈನಿ,” ಎಂದೆ. “ಎದಿಯಾಗ ಒಂದ ಸಣ್ಣ ಮಷೀನ್ ಕೂಡಸ್ತಾರ. ಬಾಳ ಮಂದಿ ಉಳದಾರ.”

ಅವರು ನನ್ನನ್ನು ನೋಡಿದರು. “ಬಂದ ಮಂದಿ ಎಲ್ಲಾರೂ ಆಯುಷ್ಯ ಅಷ್ಟ ಇತ್ತು ಅಂದ್ರು. ಹೂಂ ಹೂಂ ಅಂದು ಸಾಕಾಗೇತಿ. ನೀನೂ ಹಂಗ ಅಂತೀದಿ ಅಂತ ಅಂಜಿದ್ದೆ.”

ಆಮೇಲೆ ಅತ್ತರು. ಮಣ್ಣಿನ ದಿನವೂ ನಾನು ಅವರನ್ನು ಹಾಗೆ ಅಳುವುದನ್ನು ಕಂಡಿರಲಿಲ್ಲ. ನನಗೂ ತಡೆಯಲಾಗಲಿಲ್ಲ. ಮೆಣಸಿನಕಾಯಿ ಮುಟ್ಟಿದ ಕೈ, ಕಣ್ಣು ಒರೆಸಿಕೊಳ್ಳುವಂತಿರಲಿಲ್ಲ. ಇಬ್ಬರೂ ಕೈಗಳನ್ನು ಮೈಯಿಂದ ದೂರ ಹಿಡಿದು, ಮುಖ ಹಾಗೇ ಬಿಟ್ಟು, ಬಿಸಿಲಲ್ಲಿ ಕುಳಿತೆವು.